ಕೊಂಡಿಗೆ ಒಂದು ಸುತ್ತು

ನನ್ನ ಭಾವನಷ್ಟು ಅಚ್ಚುಕಟ್ಟಾಗಿ ಪ್ರಜ್ಞೆ ತಪ್ಪುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ಕುತ್ತಿಗೆ ಒಂದು ಕಡೆ ವಾಲುತ್ತದೆ, ಕೆಳದುಟಿ ಜೋತು ಬೀಳುತ್ತದೆ, ಎರಡೂ ಕೈ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತವೆ. ಹುಮ್ಮಸ್ಸು ಬಂದ ದಿನ ಸ್ವಲ್ಪ ಜೊಲ್ಲನ್ನೂ ಸುರಿಸುತ್ತಾರೆ. ನಮ್ಮ ಕಸುಬಿನಲ್ಲಿ ಇದೂ ಒಂದು ವಿದ್ಯೆ. ಹಗ್ಗದಲ್ಲಿ ನೇತಾಡುತ್ತ ಕೆಲಸ ಮಾಡುವವರು ಹಂತ ಹಂತವಾಗಿ ಪರೀಕ್ಷೆ ಪಾಸಾಗಬೇಕು. ಪ್ರತಿ ಪರೀಕ್ಷೆಯಲ್ಲೂ ಹಗ್ಗದ ಮೇಲೆ ಪ್ರಜ್ಞೆ ತಪ್ಪಿದ ಒಬ್ಬರನ್ನು ಕೆಳಗಿಳಿಸಿ ತೋರಿಸಬೇಕು. ನಿಜವಾಗಿ ಪ್ರಜ್ಞೆ ತಪ್ಪಿದವರು ಬೇಕೆಂದಾಗ ಸಿಗುವುದಿಲ್ಲವಾದ್ದರಿಂದ ಅಭ್ಯರ್ಥಿಗಳೇ ಸರದಿಯಂತೆ ಒಬ್ಬರಿಗೊಬ್ಬರು ಆ ಪಾತ್ರ ಮಾಡುತ್ತಾರೆ. ಮೂರನೇ ಹಂತದ ಪರೀಕ್ಷೆಯಲ್ಲಿ ಭಾವನಿಗೆ ನಾನು, ನನಗೆ ಭಾವ.

ನಮ್ಮ ಕೆಲಸವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಸಾರುವೆ ಕಟ್ಟಲಾಗದ, ಕ್ರೇನು ತಲುಪದ ಜಾಗಕ್ಕೆ ನಾವು ಮೇಲಿಂದ ಹಗ್ಗ ಬಿಟ್ಟುಕೊಂಡು ಇಳಿಯುತ್ತೇವೆ: ಚಿಮಣಿಯ ಹೊರಮೈ, ಎಣ್ಣೆ ಟ್ಯಾಂಕಿನ ಒಳಮೈ, ಸೇತುವೆಯ ಹೊಟ್ಟೆ. ಅಲ್ಲಿ ಬಣ್ಣ ಬಳಿಯುತ್ತೇವೆ, ಬೋಲ್ಟು ಬಿಗಿಯುತ್ತೇವೆ, ತುಕ್ಕು ಎಷ್ಟು ತಿಂದು ಹಾಕಿದೆಯೆಂದು ಅಳೆಯುತ್ತೇವೆ. ಒಬ್ಬೊಬ್ಬರಿಗೆ ಎರಡೆರಡು ಹಗ್ಗ. ಒಂದು ಕೆಲಸಕ್ಕೆ, ಇನ್ನೊಂದು ಮೊದಲನೆಯದು ಕೈಕೊಟ್ಟರೆ. ಅಮ್ಮ ಮಾತ್ರ ನೆಂಟರಿಗೆಲ್ಲ ‘ಮಗಳು ಕಂಪನಿಯಲ್ಲಿದ್ದಾಳೆ’ ಎಂದಷ್ಟೇ ಹೇಳಿ, ಮುಂದಿನ ಪ್ರಶ್ನೆ ಬರುವ ಮೊದಲೇ ಅಡುಗೆಮನೆಗೆ ಹೋಗಿಬಿಡುತ್ತಾಳೆ.

ನಾನು ಓದಿದ್ದು ಭೌತಶಾಸ್ತ್ರ. ಪದವಿ ಮುಗಿದ ಮೇಲೆ ಎರಡು ವರ್ಷ ಒಂದು ಪ್ರಯೋಗಾಲಯದಲ್ಲಿ ಕೂತು ಉಕ್ಕಿನ ತುಂಡುಗಳ ದಪ್ಪ ಅಳೆದೆ. ಆ ತುಂಡುಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಹೇಳುತ್ತಿರಲಿಲ್ಲ. ಆಗ ಅಕ್ಕನ ಗಂಡ ಒಂದು ದಿನ ಬಂದರು. ಅವರ ತಂಡ ಒಂದು ಕಾರ್ಖಾನೆಯ ಚಿಮಣಿಯ ದಪ್ಪ ಅಳೆಯುವ ಕೆಲಸ ಹಿಡಿದಿತ್ತು. ತಂಡದಲ್ಲಿ ಯಾರಿಗೂ ದಶಾಂಶ ಬಿಂದುವಿನ ಮೇಲೆ ಎಳ್ಳಷ್ಟೂ ಮರ್ಯಾದೆ ಇರಲಿಲ್ಲ. ಎಂಟು ಪಾಯಿಂಟ್ ಎರಡು ಮಿಲಿಮೀಟರನ್ನು ಎಂಬತ್ತೆರಡು ಎಂದು ಬರೆದು, ಸವೆದುಹೋದ ಚಿಮಣಿಗೆ ಕೋಟೆಯ ಗೋಡೆಯ ದಪ್ಪ ದಯಪಾಲಿಸಿದ್ದರು.

“ನೇತಾಡೋದು ಮೂರು ದಿನದಲ್ಲಿ ಬರುತ್ತೆ. ಸರಿಯಾಗಿ ಬರೆಯೋಕೆ ಇವರಿಗೆ ಮೂರು ಜನ್ಮ ಬೇಕು. ನೀನು ಬಾ, ಸೈಂಟಿಸ್ಟು,” ಎಂದರು ಭಾವ.

ಹೋದೆ, ನೇತಾಡುವುದನ್ನು ಕಲಿತೆ. ಕೆಲಸದ ಮೊದಲ ದಿನ ಅರವತ್ತು ಮೀಟರ್ ಎತ್ತರದಲ್ಲಿ ಕಾಲು ಗಾಳಿಯಲ್ಲಿಟ್ಟುಕೊಂಡು, ನನ್ನ ಕೈಯಲ್ಲಿದ್ದ ಅಂಕಿ ಯಾವ ಗೋಡೆಯದು ಎಂದು ಮೊಟ್ಟಮೊದಲ ಬಾರಿಗೆ ಕಣ್ಣಾರೆ ಕಂಡೆ. ಮತ್ತೆ ಪ್ರಯೋಗಾಲಯದ ಕಡೆ ತಲೆ ಹಾಕಲಿಲ್ಲ. ಆ ದಿನ ಕಲಿತ ಇನ್ನೊಂದು ಪಾಠ: ಮೇಲೆ ಹೋಗುವ ಮುಂಚೆ ಮೂತ್ರಕ್ಕೆ ಹೋಗಿ ಬರಬೇಕು, ಹೋಗಿ ಬಂದಿದ್ದರೂ ಇನ್ನೊಮ್ಮೆ ಹೋಗಬೇಕು. ಯಾವ ಪಠ್ಯಪುಸ್ತಕದಲ್ಲೂ ಇದಿಲ್ಲ.

ಆರು ವರ್ಷಗಳಲ್ಲಿ ಎರಡು ಹಂತ ದಾಟಿದೆ. ಮೂರನೆಯದನ್ನು ದಾಟಿದವರಷ್ಟೇ ತಂಡ ನಡೆಸಬಹುದು. ಆ ವರ್ಷ ನಮ್ಮ ತಂಡದ ಮುಖ್ಯಸ್ಥರು ಮಂಡಿನೋವಿನಿಂದ ಕೆಲಸ ಬಿಟ್ಟರು. ಕಂಪನಿಯ ಮ್ಯಾನೇಜರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು:

“ಇಬ್ಬರೂ ಪರೀಕ್ಷೆ ಬರೀರಿ. ಇಬ್ಬರೂ ಪಾಸಾದರೆ, ಹಿರಿಯರು ಅಂತ ಮುಖ್ಯಸ್ಥರ ಜಾಗ ನಿಮ್ಮ ಭಾವನಿಗೆ ಕೊಡ್ತೀನಿ. ಒಬ್ಬರೇ ಪಾಸಾದರೆ ಅವರಿಗೆ. ಇಬ್ಬರೂ ಡುಮ್ಕಿ ಹೊಡೆದರೆ ಹೊರಗಿಂದ ಯಾರನ್ನಾದರೂ ತಂದು ನಿಮ್ಮ ತಲೆ ಮೇಲೆ ಕೂರಿಸ್ತೀನಿ.”

ಭಾವ ಈ ಪರೀಕ್ಷೆಯಲ್ಲಿ ಆಗಲೇ ಮೂರು ಸಲ ಫೇಲಾಗಿದ್ದರು. ಒಂದು ಸಲ ಪರೀಕ್ಷಕರಿಗೇ ಗಂಟು ಹಾಕುವುದನ್ನು ಕಲಿಸಲು ಹೋಗಿ, ಇನ್ನೊಂದು ಸಲ ಹೆಲ್ಮೆಟ್ಟಿನ ಪಟ್ಟಿ ಕಟ್ಟುವುದನ್ನು ಮರೆತು. ಮೂರನೆಯ ಸಲದ ಕಾರಣವನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ನಾಲ್ಕು ಜನ ನೋಡುತ್ತಿದ್ದಾರೆಂದರೆ ಅವರೊಳಗೆ ಒಬ್ಬ ನಾಟಕದವನು ಎದ್ದು ಕೂರುತ್ತಾನೆ.

ನಾನಿರುವುದು ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ. ಪರೀಕ್ಷೆಯ ದಿನ ಬೆಳಗ್ಗೆ ಅಕ್ಕ ಮೆಟ್ಟಿಲ ಮೇಲೇ ನನ್ನನ್ನು ಅಡ್ಡಗಟ್ಟಿದಳು.

“ನೋಡೇ, ನೀನು ಪಾಸಾಗು, ಬೇಡ ಅನ್ನಲ್ಲ. ಆದರೆ ಇವರನ್ನೂ ಪಾಸು ಮಾಡಿಸಿಕೊಂಡು ಬಾ. ಹೋದ ಸಲ ಫೇಲಾಗಿ ಬಂದು ಒಂದು ತಿಂಗಳು ಮನೇಲಿರೋ ಸ್ಕ್ರೂನೆಲ್ಲ ಬಿಚ್ಚಿ ಬಿಚ್ಚಿ ಬಿಗಿದರು. ಬಚ್ಚಲುಮನೆ ಚಿಲಕ ತೆಗೆಯೋಕೆ ಈಗಲೂ ಎರಡು ಕೈ ಬೇಕು.”

“ಪಾಸು ಮಾಡಿಸೋಕೆ ನಾನೇನು ಪರೀಕ್ಷಕಿಯೇನೇ ಅಕ್ಕ?”

“ಓದಿದವಳಲ್ವಾ ನೀನು? ಏನಾದರೂ ಮಾಡು.”

ನನಗೆ ಬೇಕಾಗಿದ್ದದ್ದು ಆ ಮೂರನೇ ಹಂತದ ಕಾರ್ಡು. ಹುದ್ದೆ ಭಾವನಿಗೆ ಹೋದರೂ ಚಿಂತೆಯಿಲ್ಲ, ಕಾರ್ಡೊಂದಿದ್ದರೆ ನಾಳೆ ಎಲ್ಲಾದರೂ ತಂಡ ನಡೆಸಬಹುದು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದನ್ನು ನಾನೆಷ್ಟು ನಂಬಿದ್ದೆ ಎಂದು ಅಳೆಯುವ ಉಪಕರಣ ಮಾತ್ರ ನನ್ನ ಬಳಿ ಇರಲಿಲ್ಲ.

ಪರೀಕ್ಷೆ ನಡೆಯುವುದು ಒಂದು ಹಳೆಯ ಗೋದಾಮಿನಲ್ಲಿ. ಉಕ್ಕಿನ ತೊಲೆಗಳು, ಅವುಗಳಿಂದ ಇಳಿಬಿಟ್ಟ ಹತ್ತಾರು ಹಗ್ಗಗಳು, ನೆಲದ ಮೇಲೆ ರಬ್ಬರಿನ ಹಾಸು, ಎಲ್ಲದಕ್ಕೂ ಹಳೆಯ ಕಾಲುಚೀಲದ ವಾಸನೆ. ಪರೀಕ್ಷಕರು ಸಣಕಲು ದೇಹದ, ಬಿಳಿ ಮೀಸೆಯ ಮನುಷ್ಯ. ಕೈಯಲ್ಲೊಂದು ರಟ್ಟು, ರಟ್ಟಿಗೆ ಸಿಕ್ಕಿಸಿದ ಹಾಳೆಗಳು. ಅಭ್ಯರ್ಥಿಗಳು ಅವರಿಗೆ ‘ಗಡಿಯಾರ’ ಎಂದು ಹೆಸರಿಟ್ಟಿದ್ದರು: ಎತ್ತ ತಿರುಗಿದರೂ ನಮ್ಮನ್ನೇ ನೋಡುತ್ತಿರುತ್ತಾರೆ, ಮುಖದಲ್ಲಿ ಏನೂ ಕಾಣುವುದಿಲ್ಲ, ಅವರನ್ನು ನೋಡಿದಾಗಲೆಲ್ಲ ತಡವಾಯಿತೆಂದು ಅನ್ನಿಸುತ್ತದೆ.

ಬೆಳಗ್ಗೆಯೇ ಅವರು ಎರಡು ನಿಯಮ ಹೇಳಿದರು.

“ಹೆಲ್ಮೆಟ್ಟು ತೆಗೆದು ನೆಲದ ಮೇಲಿಡೋ ತನಕ ನೀವು ಅಭ್ಯರ್ಥಿಗಳೇ. ಪ್ರಜ್ಞೆ ಇರಲಿ, ಇಲ್ಲದಿರಲಿ. ಆಮೇಲೆ, ಯಾರ ತಪ್ಪು ಕಣ್ಣಿಗೆ ಬಿದ್ದರೂ ಮೊದಲು ‘ನಿಲ್ಲಿಸಿ’ ಅಂತ ಕೂಗಬೇಕು, ಆಮೇಲೆ ಸರಿ ಮಾಡಬೇಕು. ಕೂಗದೆ ಸದ್ದಿಲ್ಲದೆ ಸರಿ ಮಾಡಿದವರೂ ಫೇಲು. ಇಲ್ಲಿ ಮುಚ್ಚಿಟ್ಟರೆ, ತಪ್ಪು ಮಾಡಿದವನು ಅದನ್ನೇ ನಾಳೆ ಇನ್ನೂ ಎತ್ತರದಲ್ಲಿ ಮಾಡ್ತಾನೆ.”

ಬೆಳಗಿನ ಸರದಿಯಲ್ಲಿ ನಾನು ಪ್ರಜ್ಞೆ ತಪ್ಪಿದೆ, ಭಾವ ನನ್ನನ್ನು ಇಳಿಸಿದರು. ಎಷ್ಟು ಚೆನ್ನಾಗಿ ಇಳಿಸಿದರೆಂದರೆ, ನಡುವೆ ನನಗೆ ನಿಜವಾಗಿಯೂ ತೂಕಡಿಕೆ ಬಂತು. ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ. ಗಡಿಯಾರ ಹಾಳೆಯ ಮೇಲೆ ಏನೂ ಬರೆಯಲಿಲ್ಲ, ಅಂದರೆ ತಪ್ಪಿಲ್ಲ. ಭಾವ ಊಟದ ಹೊತ್ತಿಗೆ ಮುಕ್ಕಾಲು ಪಾಲು ಪಾಸಾಗಿದ್ದರು. ಮಧ್ಯಾಹ್ನ ಅವರು ಮಾಡಬೇಕಾಗಿದ್ದದ್ದು ಒಂದೇ: ಎಂಟು ಮೀಟರ್ ಎತ್ತರದಲ್ಲಿ ಇಪ್ಪತ್ತು ನಿಮಿಷ ಸುಮ್ಮನೆ ತೂಗುವುದು. ಸುಮ್ಮನೆ ಎಂಬ ಪದವೇ ಅವರಿಗೆ ಗಂಡಾಂತರ ಎಂದು ನನಗೆ ಹೊಳೆಯಬೇಕಿತ್ತು.

ಹಗ್ಗ ಹತ್ತಲು ಒಂದು ಸಲಕರಣೆ, ಇಳಿಯಲು ಇನ್ನೊಂದು. ಮೇಲೆ ತಲುಪಿದ ಮೇಲೆ ಇಳಿಯುವ ಸಲಕರಣೆಯನ್ನು ಒಂದು ಉಕ್ಕಿನ ಕೊಂಡಿಯಿಂದ ಸೊಂಟದ ಪಟ್ಟಿಗೆ ಸಿಕ್ಕಿಸಿ, ಅದರ ಮೇಲೆ ಭಾರ ಬಿಡಬೇಕು. ಕೊಂಡಿಯ ಬಾಯಿಗೆ ಒಂದು ತಿರುಪು ಇರುತ್ತದೆ. ಮೂರು ಸುತ್ತು ತಿರುಗಿಸಿದರೆ ಬಾಯಿ ಭದ್ರ. ಭಾವ ಇದನ್ನು ನಿದ್ದೆಯಲ್ಲೂ ಮಾಡಬಲ್ಲರು. ಅಂದೂ ಮೇಲೆ ಹೋದರು, ಕೊಂಡಿ ಸಿಕ್ಕಿಸಿದರು, ಭಾರ ಬಿಟ್ಟರು. ಆಗ ಕೆಳಗೆ ಮೊದಲ ಹಂತದ ಎಂಟು ಹತ್ತು ಅಭ್ಯರ್ಥಿಗಳು ಬಂದು ನಿಂತು ಕತ್ತೆತ್ತಿ ನೋಡತೊಡಗಿದರು.

“ಸಾರ್,” ಎಂದು ಭಾವ ಮೇಲಿಂದ ಕೂಗಿದರು, “ನಾಲಿಗೆ ಹೊರಗೆ ಹಾಕಲಾ, ಒಳಗೇ ಇರಲಾ?”

ಕೆಳಗಿದ್ದವರು ಗೊಳ್ಳೆಂದು ನಕ್ಕರು. ಗಡಿಯಾರ ನಗಲಿಲ್ಲ.

“ಒಳಗೇ ಇರ್ಲಿ ಬಿಡಿ. ಸರಿ, ನಾನು ಹೊರಟೆ,” ಎಂದವರೇ ಕುತ್ತಿಗೆ ವಾಲಿಸಿ, ಕೈ ಎರಡನ್ನೂ ಇಳಿಬಿಟ್ಟರು. ಚಪ್ಪಾಳೆಯೊಂದು ಬಾಕಿ.

ನಾನು ಪಕ್ಕದ ಹಗ್ಗಗಳಲ್ಲಿ ಹತ್ತಿದೆ, ಅವರ ತಲೆಯ ಮಟ್ಟಕ್ಕೆ ಬಂದು ನಿಧಾನಕ್ಕೆ ಎದೆಯ ಮಟ್ಟಕ್ಕಿಳಿದೆ. ಈ ಕೆಲಸದಲ್ಲಿ ಮಾನ ಮರ್ಯಾದೆಗೆ ಜಾಗವಿಲ್ಲ. ಇಳಿಸುವವರು, ಇಳಿಸಿಕೊಳ್ಳುವವರು ಒಂದೇ ಪೆಟ್ಟಿಗೆಯಲ್ಲಿ ತುಂಬಿದ ಎರಡು ಕೊಡೆಗಳ ಹಾಗೆ ಸಿಕ್ಕಿಕೊಂಡಿರುತ್ತಾರೆ. ಅವರ ಮಂಡಿ ನನ್ನ ಪಕ್ಕೆಯಲ್ಲಿ, ನನ್ನ ಮೊಣಕೈ ಅವರ ಗಲ್ಲದಡಿ.

“ಎಡಗಡೆಯಿಂದ ಬಾ,” ಎಂದಿತು ಶವ.

“ಪ್ರಜ್ಞೆ ತಪ್ಪಿದವರು ಮಾತಾಡಲ್ಲ ಭಾವ.”

“ತುಟಿ ಅಲ್ಲಾಡ್ತಿದೆಯಾ? ಇಲ್ಲ ತಾನೇ? ಎಡಗಡೆಯಿಂದ ಬಾ.”

ಎಡಗಡೆಯಿಂದಲೇ ಬಂದೆ. ಅವರನ್ನು ನನ್ನ ಪಟ್ಟಿಗೆ ಜೋಡಿಸಲು ಸೊಂಟದ ಬಳಿ ಕೈ ಹಾಕಿದಾಗ ಕಂಡಿತು. ಅವರ ಇಡೀ ಭಾರ ಹೊತ್ತಿದ್ದ ಕೊಂಡಿಯ ತಿರುಪು ಬಿಗಿದಿರಲಿಲ್ಲ. ಒಂದು ಸುತ್ತನ್ನೂ ಹಾಕಿರಲಿಲ್ಲ. ನಾಲಿಗೆಯ ವಿಷಯ ವಿಚಾರಿಸುವ ಗಡಿಬಿಡಿಯಲ್ಲಿ ಮನುಷ್ಯ ಬದುಕುವ ಕೆಲಸ ಮುಗಿಸುವ ಮೊದಲೇ ಸಾಯುವ ಕೆಲಸ ಶುರು ಮಾಡಿದ್ದರು.

ಎರಡನೇ ಹಗ್ಗವಿತ್ತು, ಆದ್ದರಿಂದ ಬೀಳುತ್ತಿರಲಿಲ್ಲ. ಆದರೆ ಪರೀಕ್ಷೆಯ ಪ್ರಕಾರ ಇದಕ್ಕಿಂತ ದೊಡ್ಡ ತಪ್ಪುಗಳು ಹೆಚ್ಚಿಲ್ಲ. ನನ್ನ ಹೆಬ್ಬೆರಳು ಆಗಲೇ ತಿರುಪಿನ ಮೇಲಿತ್ತು. ಗಡಿಯಾರ ಕೆಳಗೆ, ನನ್ನ ಹಿಂಬದಿಯಲ್ಲಿದ್ದರು. ಅವರಿಗೆ ಕಾಣುತ್ತಿದ್ದದ್ದು ನನ್ನ ಬೆನ್ನು ಮಾತ್ರ. ಮೂರು ಸುತ್ತು ತಿರುಗಿಸಿದರೆ ಭಾವ ಪಾಸು, ನಾನೂ ಪಾಸು, ಅಕ್ಕ ನಿರಾಳ. ಕೂಗಿದರೆ ಭಾವ ಫೇಲು, ಹುದ್ದೆ ನನಗೆ.

ಒಂದು ಸುತ್ತು ತಿರುಗಿಸಿದೆ.

ಸುಮಾರು ಅರ್ಧ ಸೆಕೆಂಡು ಹಿಡಿದಿರಬೇಕು. ಅರ್ಧ ಸೆಕೆಂಡಿನಲ್ಲಿ ಕೈಬಿಟ್ಟ ವಸ್ತು ಒಂದೂಕಾಲು ಮೀಟರ್ ಕೆಳಗೆ ಬಿದ್ದಿರುತ್ತದೆ. ನಮ್ಮ ಕಸುಬಿನಲ್ಲಿ ಅದು ದೀರ್ಘ ಕಾಲ. ಆಮೇಲೆ ನನ್ನ ಬಾಯಿ ತೆರೆಯಿತು.

“ನಿಲ್ಲಿಸಿ!”

ಯಾಕೆ ಕೂಗಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅರವತ್ತು ಮೀಟರ್ ಎತ್ತರದಲ್ಲಿ ಇದೇ ಕೊಂಡಿ ಕಣ್ಣ ಮುಂದೆ ಬಂತು ಎಂಬುದು ನಿಜ. ಕೆಳಗೆ ಗಡಿಯಾರದ ಬೂಟು ಸರಿದಾಡಿದ ಸದ್ದು ಕೇಳಿಸಿತೆಂಬುದೂ ನಿಜ. ಹುದ್ದೆಯ ಆಸೆ ಎಷ್ಟು ಪಾಲಿತ್ತೋ ಗೊತ್ತಿಲ್ಲ. ಮೂರು ಕಾರಣಗಳನ್ನು ಬಿಡಿಬಿಡಿಯಾಗಿ ಅಳೆಯಬೇಕೆಂದರೆ ಪ್ರಯೋಗವನ್ನು ಮತ್ತೆ ಮಾಡಬೇಕು. ಭಾವ ಅದಕ್ಕೆ ಒಪ್ಪುವುದಿಲ್ಲ.

ಶವ ಕಣ್ಣು ಬಿಟ್ಟಿತು.

“ಏನೇ ನಿಂದು?”

“ಮುಖ್ಯ ಕೊಂಡಿ. ತಿರುಪು ಬಿಗಿದಿಲ್ಲ,” ಎಂದು ನಿಯಮದಂತೆ ಗಟ್ಟಿಯಾಗಿ ಹೇಳಿದೆ.

“ಬಿಗಿದಿದ್ದೆ!”

“ಇಲ್ಲ ಭಾವ.”

“ನೀನೇ ಸಡಿಲ ಮಾಡಿರಬೇಕು! ಹನ್ನೊಂದು ವರ್ಷದಿಂದ ಕೊಂಡಿ ಹಾಕ್ತಿದ್ದೀನಿ. ನೀನು ಸ್ಕೂಲಲ್ಲಿ ಮೂಗು ಸುರಿಸ್ಕೊಂಡು ಕೂತಿದ್ದಾಗ—”

“ಹನ್ನೊಂದು ವರ್ಷದ ಹಿಂದೆ ನಾನು ಕಾಲೇಜಲ್ಲಿದ್ದೆ.”

“ಅಲ್ಲೂ ಮೂಗು ಸುರಿಸ್ತಿದ್ದೆ! ನಿನ್ನ ಅಕ್ಕನ ಕೇಳು!”

ಇಬ್ಬರು ಮುಖಕ್ಕೆ ಮುಖ ಅಂಟಿಕೊಂಡು ಜಗಳವಾಡುವಾಗ ಇರುವ ತೊಂದರೆಯೆಂದರೆ, ಹಿಂದೆ ಸರಿಯಲು ಜಾಗವಿರುವುದಿಲ್ಲ. ಅವರು ಕೈ ಬೀಸಿದಾಗಲೆಲ್ಲ ಇಬ್ಬರೂ ಗಿರಗಿರನೆ ಸುತ್ತುತ್ತಿದ್ದೆವು. ಅರ್ಧ ಜಗಳ ಉತ್ತರಾಭಿಮುಖವಾಗಿ, ಇನ್ನರ್ಧ ದಕ್ಷಿಣಾಭಿಮುಖವಾಗಿ ನಡೆಯಿತು. ಕೆಳಗಿದ್ದ ಹುಡುಗರು ಫೋನು ಹೊರತೆಗೆದರು.

“ಮೇಲಿರೋರು,” ಎಂದರು ಗಡಿಯಾರ, ದನಿ ಏರಿಸದೆ. “ತಿರುಪು ಬಿಗೀರಿ. ಆಮೇಲೆ ಮುಂದುವರಿಸಿ. ಸಾರ್, ನಿಮಗೆ ಪ್ರಜ್ಞೆ ಇಲ್ಲ.”

ನಾನು ಉಳಿದ ಎರಡು ಸುತ್ತು ಹಾಕಿದೆ. ಭಾವ ಕಣ್ಣು ಮುಚ್ಚಿದರು. ಸಿಟ್ಟು ಬಂದ ಶವ ಎಷ್ಟು ಭಾರ ಎಂದು ಅವತ್ತು ಗೊತ್ತಾಯಿತು. ಕತ್ತು ವಾಲಲಿಲ್ಲ, ದವಡೆ ಕಚ್ಚಿಕೊಂಡಿತ್ತು, ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚುತ್ತಿತ್ತು. ಅವರ ಭಾರವನ್ನು ನನ್ನ ಸಲಕರಣೆಗೆ ವರ್ಗಾಯಿಸಿ, ಅವರ ಹಗ್ಗಗಳನ್ನು ಬಿಡಿಸಿ, ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಹಗ್ಗದ ಮೇಲೆ ಇಟ್ಟು ಇಳಿಸಿದೆ. ಅವರ ಹಿಮ್ಮಡಿ ರಬ್ಬರಿನ ಹಾಸಿನ ಮೇಲೆ ತಾಗಿತು.

ಹೆಲ್ಮೆಟ್ಟು ನೆಲಕ್ಕಿಟ್ಟ ಮೇಲೆ ಭಾವ ಚಹಾದ ಯಂತ್ರದ ಹತ್ತಿರ ಹೋಗಿ ನಿಂತರು. ನಾನು ಹಿಂದೆಯೇ ಹೋದೆ.

“ಕುರ್ಚಿ ಸಿಕ್ತಲ್ಲ. ಕೂತ್ಕೋ,” ಎಂದರು.

“ಕುರ್ಚಿಗೋಸ್ಕರ ಕೂಗಲಿಲ್ಲ ಭಾವ.”

“ಹೌದೌದು. ಸಮಾಜಸೇವೆ.”

ಅಷ್ಟರಲ್ಲಿ ಗಡಿಯಾರ ಬಂದು ನನ್ನ ಕೈಗೊಂದು ಹಾಳೆ ಕೊಟ್ಟರು. ‘ನಿಲ್ಲಿಸಿ’ ಎಂದು ಕೂಗಿದವರು ತುಂಬಬೇಕಾದ ಹಾಳೆ. ಏನು ಕಂಡಿರಿ? ಮೊದಲು ಏನು ಮಾಡಿದಿರಿ? ಆಮೇಲೆ ಏನು ಮಾಡಿದಿರಿ? ಕೊನೆಯಲ್ಲಿ ಸಾಕ್ಷಿಯ ಸಹಿ. ಮೇಲೆ ಇದ್ದವರು ನಾವಿಬ್ಬರೇ ಆದ್ದರಿಂದ ಸಾಕ್ಷಿ ಭಾವನೇ ಆಗಬೇಕಿತ್ತು.

ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತೆ. ಎರಡನೆಯ ಪ್ರಶ್ನೆಗೆ ಎರಡು ಉತ್ತರಗಳಿದ್ದವು. ‘ಕೂಗಿದೆ’ ಎಂದು ಬರೆದರೆ ಕಾರ್ಡು ನನ್ನದು. ಇನ್ನೊಂದನ್ನು ಬರೆದರೆ, ಆರು ವರ್ಷ ಕಾದದ್ದು ಒಂದು ಹೆಬ್ಬೆರಳಿನ ಲೆಕ್ಕದಲ್ಲಿ ಹೋಗಬಹುದು. ಬರೆದೆ: ‘ಮೊದಲು ಹೆಬ್ಬೆರಳಿನಿಂದ ತಿರುಪನ್ನು ಒಂದು ಸುತ್ತು ತಿರುಗಿಸಿದೆ. ಆಮೇಲೆ ನಿಲ್ಲಿಸಿ ಎಂದು ಕೂಗಿದೆ.’ ಬರೆದು ಹಾಳೆಯನ್ನು ಭಾವನ ಮುಂದಿಟ್ಟೆ.

ಅವರು ಓದಿದರು. ಮತ್ತೊಮ್ಮೆ ಓದಿದರು.

“ಒಂದು ಸುತ್ತು ಹಾಕಿದ್ಯಾ?”

“ಹೂಂ.”

“ನನಗೋಸ್ಕರ?”

“ಅಕ್ಕನಿಗೋಸ್ಕರ ಅಂತಿಟ್ಕೊಳ್ಳಿ.”

“ಇನ್ನೆರಡು ಸುತ್ತು ಹಾಕೋಕೆ ಏನು ರೋಗ ಬಂದಿತ್ತು ನಿನಗೆ?”

ಅವರು ಹಾಳೆಯನ್ನು ತಿರುಗಿಸಿ ನೋಡಿದರು, ಹಿಂಬದಿಯಲ್ಲಿ ಇನ್ನೇನಾದರೂ ಒಳ್ಳೆಯದು ಬರೆದಿದೆಯೋ ಎಂಬಂತೆ. ಆಮೇಲೆ ದನಿ ತಗ್ಗಿಸಿದರು.

“ಇದನ್ನ ಹೊಡೆದುಹಾಕು. ಯಾರೂ ನೋಡಿಲ್ಲ. ನಾನಂತೂ ಮುಳುಗಿದೆ, ನೀನ್ಯಾಕೆ ಜೊತೆಗೆ ನೀರಿಗೆ ಬೀಳ್ತೀಯ? ಇಬ್ಬರೂ ಹೋದರೆ ಹೊರಗಿಂದ ಯಾವನೋ ಬರ್ತಾನೆ.”

“ಆಗಿದ್ದನ್ನ ಬರೆದಿದ್ದೀನಿ ಭಾವ.”

“ಎಂಟು ಪಾಯಿಂಟ್ ಎರಡು ಅಂತ ಬರೆಯೋಕೆ ಕರ್ಕೊಂಡು ಬಂದವನೇ ನಾನು. ಅನುಭವಿಸಬೇಕು,” ಎಂದರು. ಸಹಿ ಮಾಡಲಿಲ್ಲ. ಹಾಳೆ ಹಿಡಿದು ಗಡಿಯಾರದ ಕೋಣೆಗೆ ನಡೆದರು, ನಾನು ಹಿಂದೆ ಓಡಿದೆ.

ಗಡಿಯಾರ ಕನ್ನಡಕ ಏರಿಸಿ ಓದಿದರು.

“ಸಾಕ್ಷಿಯ ಸಹಿ ಇಲ್ಲ,” ಎಂದರು.

“ನಾನು ಹೇಗೆ ಮಾಡಲಿ ಸಾರ್? ನನಗೆ ಪ್ರಜ್ಞೆ ಇರಲಿಲ್ಲ.”

“ಜಗಳ ಆಡಿದ್ದು ಯಾರು?”

“ಅದು ಆಮೇಲೆ ಬಂದ ಪ್ರಜ್ಞೆ. ಒಂದು ಸುತ್ತು, ಅರ್ಧ ಸುತ್ತು, ಅದೆಲ್ಲ ನಾನು ಸತ್ತಿದ್ದಾಗಿನ ವಿಷಯ. ಇವಳಿಗೆ ಬರೆಯೋ ಚಟ, ಚಿಕ್ಕಂದಿನಿಂದಲೂ. ನೀವು ತಲೆ ಕೆಡಿಸ್ಕೋಬೇಡಿ.”

ಗಡಿಯಾರ ನನ್ನನ್ನು ನೋಡಿದರು. ತಮ್ಮ ಮೇಜಿನ ಡ್ರಾಯರಿನಿಂದ ಅದೇ ಮಾದರಿಯ ಕೊಂಡಿಯೊಂದನ್ನು ತೆಗೆದು, ತಿರುಪನ್ನು ಒಂದು ಸುತ್ತು ತಿರುಗಿಸಿ, ಬಾಯಿಯನ್ನು ಬೆರಳಿನಿಂದ ಒತ್ತಿದರು. ತೆರೆಯಿತು.

“ಒಂದು ಸುತ್ತಿಗೆ ಭದ್ರವಾಗಲ್ಲ,” ಎಂದರು. “ಅಂದರೆ ಸರಿ ಮಾಡಿದ ಹಾಗಾಗಲಿಲ್ಲ. ಸರಿ ಮಾಡೋಕೆ ಮುಂಚೆ ಕೂಗಿದ್ದೀರಿ. ನಿಯಮ ಅಷ್ಟೇ ಕೇಳುತ್ತೆ.”

“ಎರಡು ಸುತ್ತು ಹಾಕಿದ್ದರೆ ಸಾರ್?” ಎಂದೆ. ತಡೆಯಲಾಗಲಿಲ್ಲ.

ಭಾವ ನನ್ನ ಕಾಲು ತುಳಿದರು.

“ಎರಡು ಸುತ್ತಿಗೂ ತೆರೆಯುತ್ತೋ ಇಲ್ಲವೋ ನಾನು ನೋಡೋಕೆ ಹೋಗಲ್ಲ,” ಎಂದು ಗಡಿಯಾರ ಕೊಂಡಿಯನ್ನು ಡ್ರಾಯರಿಗೆ ಹಾಕಿ ಮುಚ್ಚಿದರು. ನನ್ನ ಹಾಳೆಯ ಮೇಲೆ ಪಾಸು ಎಂದು ಬರೆದು ಅದರ ಕೆಳಗೆ ಒಂದು ಸಾಲು ಸೇರಿಸಿದರು: ‘ಇನ್ನು ಮೇಲೆ ಬಾಯಿ ಮೊದಲು, ಬೆರಳು ಆಮೇಲೆ.’ ಭಾವನ ಹಾಳೆಯ ಮೇಲೆ ಬರೆದದ್ದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. “ನಾಲ್ಕು ತಿಂಗಳು ಬಿಟ್ಟು ಬನ್ನಿ,” ಎಂದಷ್ಟೇ ಅಂದರು, “ಮುಂದಿನ ಸಲ ಪ್ರೇಕ್ಷಕರನ್ನ ಹೊರಗೆ ಕಳಿಸ್ತೀನಿ.”

ವಾಪಸ್ಸು ಬರುವಾಗ ವ್ಯಾನಿನಲ್ಲಿ ಭಾವ ಅರ್ಧ ದಾರಿ ಕಿಟಕಿಯನ್ನೇ ನೋಡುತ್ತಿದ್ದರು. ನಾನೇ ಓಡಿಸುತ್ತಿದ್ದೆ. ಅಕ್ಕನ ಫೋನು ಎರಡು ಸಲ ಬಂತು, ಇಬ್ಬರೂ ಎತ್ತಲಿಲ್ಲ. ಮೂರನೇ ಸಲ ಅವರೇ ಎತ್ತಿದರು.

“ಒಬ್ಬರು ಪಾಸು... ನಾನಲ್ಲ... ಅವಳೇ ಕೂಗಿದ್ದು... ಬೈಯಬೇಡ, ಬಿಗಿದಿರಲಿಲ್ಲ ನಾನು... ಹೌದು, ಬಿಗಿದಿರಲಿಲ್ಲ ಅಂದ್ನಲ್ಲ, ಎಷ್ಟು ಸಲ ಹೇಳಿಸ್ತೀಯ?” ಫೋನು ಕಿಸೆಗಿಟ್ಟು ನನ್ನ ಕಡೆ ತಿರುಗಿದರು.

“ಸೋಮವಾರ ಚಿಮಣಿ ಕೆಲಸಕ್ಕೆ ನನ್ನನ್ನ ಯಾವ ಕಡೆ ಹಾಕ್ತೀಯ?”

ಕೆಲಸದ ವಿಷಯದಲ್ಲಿ ಅವರು ನನ್ನ ತೀರ್ಮಾನ ಕೇಳಿದ್ದು ಅದೇ ಮೊದಲು. ಆರು ವರ್ಷ ಬರೀ ಹೇಳುತ್ತಿದ್ದರು.

“ಉತ್ತರದ ಕಡೆ,” ಎಂದೆ.

“ಅಲ್ಲಿ ಪಾರಿವಾಳದ ಹಿಕ್ಕೆ ಒಂದು ಗೇಣು ದಪ್ಪ ಇದೆ.”

“ಗೊತ್ತು. ನಾನೇ ಅಳೆದಿದ್ದೆ.”

“ಎಷ್ಟು ದಿನ?”

“ನಾಲ್ಕು ತಿಂಗಳು. ಅಲ್ಲಿ ನೋಡೋರು ಯಾರೂ ಇರಲ್ಲ ಭಾವ. ನೀವು ಬಹಳ ಚೆನ್ನಾಗಿ ಕೆಲಸ ಮಾಡ್ತೀರಿ.”

ಭಾವ ಬೈದರು. ಅಕ್ಕನಿಗೆ, ಅಮ್ಮನಿಗೆ, ನನ್ನ ಪದವಿಗೆ, ಅದನ್ನು ಕೊಟ್ಟ ಕಾಲೇಜಿಗೆ, ಸರದಿಯಂತೆ, ಯಾರನ್ನೂ ಬಿಡದೆ ಬೈದರು. ಮನೆಯ ತಿರುವು ಬರುವ ಹೊತ್ತಿಗೆ ಪಾರಿವಾಳಗಳ ಸರದಿ ಬಂದಿತ್ತು. ಹಿಕ್ಕೆ ಕೆರೆಯಲು ಉದ್ದ ಹಿಡಿಕೆಯದೇ ಬೇಕು, ಗಿಡ್ಡದ್ದು ತಂದರೆ ಕೆಲಸ ಶುರು ಮಾಡುವುದಿಲ್ಲ, ಈಗಲೇ ಪಟ್ಟಿಯಲ್ಲಿ ಬರೆದುಕೋ ಎಂದರು. ಗಾಡಿ ನಿಲ್ಲಿಸಿ ಬರೆದುಕೊಂಡೆ.